ಹಾರುವ ಹಲಗೆ ಬಿಡಿ, ಪಿಜ್ಜಾ ಊಟ ನೋಡಿ

ನಾಯಕ ಕಾಲಯಂತ್ರ ಹತ್ತಿ 2015ಕ್ಕೆ ಹೋಗುವ ಹಾಲಿವುಡ್ ಚಿತ್ರ 'ಬ್ಯಾಕ್ ಟು ದಿ ಫ್ಯೂಚರ್ ಪಾರ್ಟ್ 2' ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆ ಗುಲಾಬಿ ಬಣ್ಣದ ಹೋವರ್‌ಬೋರ್ಡ್. ಚಕ್ರವೇ ಇಲ್ಲದ ಸ್ಕೇಟ್‌ಬೋರ್ಡು, ನೆಲಕ್ಕೆ ತಾಗದೆ ತೇಲಿಕೊಂಡು ಹೋಗುತ್ತದೆ. ಆದರೆ ಆ ಚಿತ್ರದ ದೊಡ್ಡ ಚಮತ್ಕಾರ ಅದಲ್ಲ ಅನ್ನುವುದು ನನ್ನ ವಾದ. ಮನೆಯವರೆಲ್ಲ ಕೂತು ಪಿಜ್ಜಾ ತಿನ್ನುವ ಒಂದು ಸಾದಾ ದೃಶ್ಯವಿದೆಯಲ್ಲ, ಅದು.

ಮೇಜಿನ ಸುತ್ತ ಅಪ್ಪ, ಮಗ, ಮಗಳು. ಮೂವರೂ ಮೈಕಲ್ ಜೆ. ಫಾಕ್ಸ್! ಒಬ್ಬನೇ ನಟನ ಎರಡು ಮೂರು ಪಾತ್ರ ಹೊಸದೇನಲ್ಲ. ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು, ಮೊದಲು ಎಡಗಡೆ ನಟನೆ, ಆಮೇಲೆ ವೇಷ ಬದಲಿಸಿ ಬಲಗಡೆ ನಟನೆ. ಕೊನೆಗೆ ಎರಡನ್ನೂ ನಡುವಿನ ಗೆರೆಯಲ್ಲಿ ಜೋಡಿಸುವುದು. ತೊಂದರೆ ಏನಂದರೆ, ಕ್ಯಾಮೆರಾ ಕಲ್ಲಿನ ಹಾಗೆ ನಿಂತಿದ್ದರೆ ನೋಡುವವರಿಗೆ ಟ್ರಿಕ್‌ನ ವಾಸನೆ ಬಡಿದುಬಿಡುತ್ತದೆ. ನಿರ್ದೇಶಕ ರಾಬರ್ಟ್ ಜೆಮೆಕಿಸ್‌ಗೆ ಕ್ಯಾಮೆರಾ ಓಡಾಡಬೇಕಿತ್ತು.

ಓಡಾಡಿದರೇನು ಕಷ್ಟ? ರೈಲಿನ ಕಿಟಕಿಯಲ್ಲಿ ನೋಡಿ. ಹತ್ತಿರದ ಕಂಬ ಸರ್ರನೆ ಹಿಂದೆ ಹೋಗುತ್ತದೆ, ದೂರದ ಬೆಟ್ಟ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಕ್ಯಾಮೆರಾ ಸರಿದಾಗಲೂ ಹಾಗೇ. ಮೇಜಿನ ಮೇಲಿನ ಲೋಟ ಜಾಸ್ತಿ ಸರಿಯುತ್ತದೆ, ಹಿಂದಿನ ಗೋಡೆ ಕಡಿಮೆ. ಎರಡನೇ ಸಲ ಚಿತ್ರೀಕರಿಸುವಾಗ ಕ್ಯಾಮೆರಾದ ದಾರಿ ಸ್ವಲ್ಪ ತಪ್ಪಿದರೂ ಜೋಡಣೆಯ ಗೆರೆ ಬಾಯಿಬಿಡುತ್ತದೆ. ಮನುಷ್ಯನ ಕೈಯಲ್ಲಿ ಅಷ್ಟು ಕರಾರುವಾಕ್ಕಾಗಿ ಅದೇ ಚಲನೆಯನ್ನು ಮತ್ತೆ ಮಾಡಲು ಆಗುವುದಿಲ್ಲ.

ಇದಕ್ಕೆಂದು ಸಿನಿಮಾ ಚಮತ್ಕಾರಗಳನ್ನು ಮಾಡಿಕೊಡುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿಯವರು ವಿಸ್ಟಾಗ್ಲೈಡ್ ಅನ್ನುವ ಯಂತ್ರ ಕಟ್ಟಿದರು. ಕ್ಯಾಮೆರಾ ಮೊದಲ ಸಲ ಹೇಗೆ ಚಲಿಸಿತು ಅನ್ನುವುದನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಮೋಟಾರುಗಳು ಅದೇ ದಾರಿಯಲ್ಲಿ, ಅದೇ ವೇಗದಲ್ಲಿ, ಎಷ್ಟು ಸಲ ಬೇಕಾದರೂ ಕ್ಯಾಮೆರಾವನ್ನು ಒಯ್ಯುತ್ತವೆ. ಇಂಥ ಯಂತ್ರಗಳು ಮೊದಲೂ ಇದ್ದವು. 1977ರ 'ಸ್ಟಾರ್ ವಾರ್ಸ್'ನ ಆಟಿಕೆ ಗಾತ್ರದ ನೌಕೆಗಳು ಹಾರಿದ್ದು ಅವುಗಳಿಂದಲೇ. ಆದರೆ ನೌಕೆಗೆ ಡೈಲಾಗ್ ಇರಲಿಲ್ಲ. ಇಲ್ಲಿ ನಟ ಮಾತಾಡಬೇಕು, ಹಾಗಾಗಿ ಯಂತ್ರ ಸದ್ದು ಮಾಡಬಾರದು. ಇನ್ನೊಂದು ಮಾತು. ತುಣುಕುಗಳನ್ನು ಜೋಡಿಸಲು ಫಿಲ್ಮನ್ನು ನಕಲು ಮಾಡಬೇಕು, ಪ್ರತಿ ಸಲ ನಕಲು ಮಾಡಿದಾಗಲೂ ಚಿತ್ರ ಮಂಕಾಗುತ್ತದೆ. ಅದಕ್ಕೇ ವಿಸ್ಟಾವಿಷನ್ ಕ್ಯಾಮೆರಾ ಬಳಸಿದರು. ಅದರಲ್ಲಿ ಫಿಲ್ಮ್ ಅಡ್ಡಲಾಗಿ ಓಡುತ್ತದೆ, ಒಂದೊಂದು ಚೌಕಟ್ಟೂ ದೊಡ್ಡದು. ಸ್ವಲ್ಪ ಸವೆದರೂ ನಡೆಯುತ್ತದೆ.

ಇಷ್ಟೆಲ್ಲ ಆದ ಮೇಲೆ ಫಾಕ್ಸ್ ಖಾಲಿ ಕುರ್ಚಿಗಳನ್ನು ನೋಡಿಕೊಂಡು ಮೂರು ಸಲ ನಟಿಸಬೇಕು. ಮಗಳಾಗುವಾಗ ಹುಡುಗಿಯ ಉಡುಪು, ವಿಗ್ಗು ಬೇರೆ.

ಹೋವರ್‌ಬೋರ್ಡ್ ಇದರ ಮುಂದೆ ಸರಳ. ನಟರನ್ನು ತಂತಿಯಲ್ಲಿ ತೂಗಿಬಿಟ್ಟರು, ತಂತಿಯನ್ನು ಆಮೇಲೆ ಅಳಿಸಿದರು. ಜನ ಮಾತ್ರ ಅದನ್ನೇ ನಂಬಿದರು! ಹಲಗೆ ನಿಜವಾಗಿಯೂ ಇದೆ, ಪೋಷಕರ ಸಂಘಗಳು ಮಾರಲು ಬಿಡುತ್ತಿಲ್ಲ ಅಂತ ಜೆಮೆಕಿಸ್ ಗಂಭೀರ ಮುಖ ಮಾಡಿಕೊಂಡು ತಮಾಷೆ ಬಿಟ್ಟಿದ್ದೇ ತಡ, ಮಕ್ಕಳು ಅದನ್ನು ಹುಡುಕತೊಡಗಿದರು.

ಹಾಗಾದರೆ ಅಂಥದ್ದು ಸಾಧ್ಯವಾ? 2015ರಲ್ಲಿ ಲೆಕ್ಸಸ್ ಕಂಪನಿ ಒಂದನ್ನು ಮಾಡಿ ತೋರಿಸಿತು. ಹಲಗೆಯೊಳಗೆ ಸೂಪರ್‌ಕಂಡಕ್ಟರ್‌ಗಳು, ಅಂದರೆ ತೀರಾ ತಣ್ಣಗಾದಾಗ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುವ ವಸ್ತುಗಳು. ಅವನ್ನು ತಣ್ಣಗಿಡಲು ದ್ರವ ನೈಟ್ರೋಜನ್. ಅದು ಮೈನಸ್ 196 ಡಿಗ್ರಿಯಲ್ಲೇ ಕುದಿದು ಆವಿಯಾಗುವಂಥದ್ದು. ಅಷ್ಟು ಚಳಿಯಲ್ಲಿ ಕಾಂತದ ಬಲರೇಖೆಗಳು ಸೂಪರ್‌ಕಂಡಕ್ಟರಿನ ಸಣ್ಣ ಸಣ್ಣ ದೋಷಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಹಲಗೆ ಕೆಳಗೂ ಬೀಳದು, ಪಕ್ಕಕ್ಕೂ ಜಾರದು. ಮುಂದಕ್ಕೆ ಮಾತ್ರ ಸಲೀಸಾಗಿ ಸಾಗುತ್ತದೆ. ಆದರೆ ನೆಲದಡಿ ಉದ್ದಕ್ಕೂ ಆಯಸ್ಕಾಂತದ ಹಳಿ ಹಾಸಿರಬೇಕು. ಚಿತ್ರದಲ್ಲಿ ನಾಯಕನ ಹಲಗೆ ನೀರಿನ ಮೇಲೆ ಬಂದು ನಿಂತೇಹೋಗುತ್ತದೆ ಅಲ್ವಾ? ಇದು ನೀರನ್ನೂ ದಾಟಿತು. ನೀರಿನಡಿಯೂ ಹಳಿ ಇತ್ತು, ಅಷ್ಟೇ.

ಚಿತ್ರ ಬಿಡುಗಡೆಯಾದದ್ದು 1989ರ ನವೆಂಬರ್ 22ರಂದು. ಮೂರನೇ ಭಾಗವನ್ನೂ ಬೆನ್ನಿಗೇ ಚಿತ್ರೀಕರಿಸಿದ್ದರು. ಹಣ ಚೆನ್ನಾಗಿಯೇ ಬಂತು, ಮೊದಲ ಭಾಗದಷ್ಟು ಅಲ್ಲ. ವಿಮರ್ಶಕರಲ್ಲಿ ಒಡಕಿತ್ತು. ಕಥೆ ಗೋಜಲು, ನಡುಭಾಗ ತೀರಾ ಕರಾಳ ಅನ್ನುವ ದೂರು. ಕೊನೆಯಲ್ಲಿ ಮುಂದಿನ ಭಾಗದ ಟ್ರೇಲರ್ ಹಾಕಿದ್ದೂ ಹಲವರಿಗೆ ಹಿಡಿಸಲಿಲ್ಲ. ಗೋಜಲು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಲಯಂತ್ರ ಕಟ್ಟಿದ ವಿಜ್ಞಾನಿ ಡಾಕ್ ಬ್ರೌನ್ ಕರಿಹಲಗೆಯ ಮೇಲೆ ಗೆರೆ ಎಳೆದು, ಕಾಲ ಎಲ್ಲಿ ಕವಲೊಡೆಯಿತು ಅಂತ ವಿವರಿಸುವ ದೃಶ್ಯ ಒಳ್ಳೆಯ ಮೇಷ್ಟ್ರ ಪಾಠದ ಹಾಗಿದೆ. ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ 'ದಿ ಅಬಿಸ್' ಪಾಲಾಯಿತು. ಅದರಲ್ಲಿ ಕಂಪ್ಯೂಟರೇ ಬಿಡಿಸಿದ ನೀರಿನ ಜೀವಿಯೊಂದಿತ್ತು.

ಚಿತ್ರದವರು 2015 ಹೀಗೇ ಇರುತ್ತದೆ ಅಂತ ಭವಿಷ್ಯ ಹೇಳಲು ಹೊರಟವರಲ್ಲ. ಹೇಗೂ ತಪ್ಪಾಗುತ್ತದೆ, ನಗಿಸೋಣ ಅನ್ನುವುದು ಅವರ ಲೆಕ್ಕ. ಆದರೂ ಚಿತ್ರದಲ್ಲಿ ನಾಯಕ ಬಂದಿಳಿಯುವ ದಿನ, ಅಂದರೆ 2015ರ ಅಕ್ಟೋಬರ್ 21, ನಿಜಕ್ಕೂ ಬಂದಾಗ ಲೋಕವೆಲ್ಲ ಕೂತು ಯಾವುದು ನಿಜವಾಯಿತು ಅಂತ ಎಣಿಸಿತು. ಆ ಪಿಜ್ಜಾ ತಿಂದ ಮನೆಯಲ್ಲೇ ಗೋಡೆಗೆ ದೊಡ್ಡ ಟಿವಿ ಇದೆ, ಅದರಲ್ಲಿ ವಿಡಿಯೋ ಕಾಲ್ ಬರುತ್ತದೆ. ಎರಡೂ ನಿಜವಾದವು. ಆ ಕಾಲ್‌ನಲ್ಲೇ ಬಾಸ್ ಅಪ್ಪನನ್ನು ಕೆಲಸದಿಂದ ತೆಗೆದುಹಾಕುತ್ತಾನೆ. ಮರುಕ್ಷಣವೇ ಅದರ ಲಿಖಿತ ಆದೇಶವೂ ಬರುತ್ತದೆ, ಮನೆ ತುಂಬ ಇರುವ ಫ್ಯಾಕ್ಸ್ ಯಂತ್ರಗಳಲ್ಲಿ.