ರಾಜನನ್ನು ಕೆಣಕಿದ ಸುಣ್ಣಕಲ್ಲು

ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದ ಕಾಗದದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಜಿಡ್ಡು ಹತ್ತಿದ ಕಡೆ ನೀರು ಜಾರುತ್ತದೆ, ಒಣಗಿದ ಕಡೆ ಇಂಗುತ್ತದೆ. ದಾವಣಗೆರೆಯ ಆಫ್‌ಸೆಟ್ ಪ್ರೆಸ್‌ಗಳಲ್ಲಿ ಲಗ್ನಪತ್ರಿಕೆ, ಕರಪತ್ರ ಅಚ್ಚಾಗುವುದೂ ಜಿಡ್ಡು–ನೀರಿನ ಈ ಜಗಳದಿಂದಲೇ. ಈಗ ಅಲ್ಲಿರುವುದು ಅಲ್ಯೂಮಿನಿಯಂ ಪ್ಲೇಟು. ಶುರುವಾಗಿದ್ದು ಕಲ್ಲಿನಿಂದ.

1796ರ ಸುಮಾರಿಗೆ ಜರ್ಮನಿಯ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಲ್ಲಚ್ಚು (ಲಿಥೋಗ್ರಫಿ) ಕಂಡುಹಿಡಿದ. ಇದಕ್ಕೆ ಎಲ್ಲ ಕಲ್ಲೂ ಆಗುವುದಿಲ್ಲ. ಚಿತ್ರದುರ್ಗದ ಕೋಟೆಬಂಡೆಯಂಥ ಗ್ರಾನೈಟ್ ಒಗ್ಗದು, ನುಣುಪಾದ ಸುಣ್ಣಕಲ್ಲೇ ಬೇಕು. ಜಿಡ್ಡಿನ ಬಳಪದಿಂದ ಅದರ ಮೇಲೆ ಚಿತ್ರ ಬರೆಯುತ್ತಾರೆ. ಜಿಡ್ಡಿನಲ್ಲಿರುವ ಆಮ್ಲ ಕಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ, ನೀರಲ್ಲಿ ಕರಗದ ಸಾಬೂನಾಗಿ ಕಚ್ಚಿಕೊಳ್ಳುತ್ತದೆ. ಆಮೇಲೆ ಗೋಂದಿಗೆ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿ ಬಳಿದರೆ, ಖಾಲಿ ಜಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಲ್ಲನ್ನು ಒದ್ದೆ ಮಾಡಿ ಎಣ್ಣೆಶಾಯಿಯ ರೋಲರ್ ಹಾಯಿಸಿದಾಗ ಶಾಯಿ ಹತ್ತುವುದು ಗೆರೆಗೆ ಮಾತ್ರ.

ಕೆತ್ತುವ ಕೆಲಸವೇ ಇಲ್ಲ. ಕಲಾವಿದನ ಕೈ ಓಡಿದಷ್ಟೇ ವೇಗವಾಗಿ ಚಿತ್ರ ಸಿದ್ಧ. ಬಿಸಿ ಆರುವ ಮೊದಲೇ ಸುದ್ದಿಯನ್ನು ಗೇಲಿ ಮಾಡಬಹುದು, ಪ್ರತಿಗಳೂ ಜಾಸ್ತಿ. ವ್ಯಂಗ್ಯಚಿತ್ರಕ್ಕೆ ಬಲ ಬಂದಿದ್ದು ಈ ರಸಾಯನದಿಂದ ಅಂತಲೇ ನನ್ನ ನಂಬಿಕೆ.

ಪ್ಯಾರಿಸ್ಸಿನ ವ್ಯಂಗ್ಯಚಿತ್ರಕಾರ ಒನೊರೆ ದೋಮಿಯೆ 1831ರಲ್ಲಿ ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ಹೊಟ್ಟೆಬಾಕ ರಾಕ್ಷಸನಾಗಿ ಬರೆದ. ಬಡವರ ದುಡ್ಡನ್ನು ಬುಟ್ಟಿಗಳಲ್ಲಿ ಹೊತ್ತು ತಂದು ಅವನ ಬಾಯಿಗೆ ಸುರಿಯುತ್ತಿದ್ದಾರೆ! ದೋಮಿಯೆಗೆ ಆರು ತಿಂಗಳ ಶಿಕ್ಷೆಯಾಯಿತು. ಅವನು ಬರೆಯುವುದನ್ನು ಬಿಡಲಿಲ್ಲ, ಬದುಕಿನುದ್ದಕ್ಕೂ ಸುಮಾರು 4,000 ಕಲ್ಲಚ್ಚು ಮಾಡಿದ. 1835ರಲ್ಲಿ ಸರ್ಕಾರ ಹೊಸ ಕಾನೂನು ತಂದಿತು. ಬರಹ ಅಚ್ಚು ಹಾಕಲು ಮೊದಲೇ ಒಪ್ಪಿಗೆ ಬೇಡ, ಚಿತ್ರಕ್ಕೆ ಮಾತ್ರ ಬೇಕು! ಅಕ್ಷರ ಬಾರದವರೂ ಚಿತ್ರ ಓದುತ್ತಾರೆ, ಅಲ್ವಾ?

ನಮ್ಮ ದೇಶದಲ್ಲಿ ಚಿತ್ರಕಾರ ಗಗನೇಂದ್ರನಾಥ ಟಾಗೋರ್ 1917ರ ಹೊತ್ತಿಗೆ ಕಲ್ಲಚ್ಚಿನಲ್ಲೇ ಕೋಲ್ಕತ್ತದ ಸಮಾಜವನ್ನು ತರಾಟೆಗೆ ತೆಗೆದುಕೊಂಡರು. ಇಂಗ್ಲಿಷರ ವೇಷ ತೊಟ್ಟು ಬೀಗುವ ಬಾಬುಗಳನ್ನು ಅವರು ಬಿಡಲಿಲ್ಲ. ಅವರ ಒಂದು ಚಿತ್ರದಲ್ಲಿ ಜಾತಿಪದ್ಧತಿಯೇ ಬೀಸುಕಲ್ಲಾಗಿ ಜನರನ್ನು ಅರೆಯುತ್ತದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ಹುಡುಗ ಹುಡುಗಿಯರು ಆ ಚಿತ್ರವನ್ನು ನಿಧಾನವಾಗಿ ನೋಡಬೇಕು, ಆಮೇಲೆ ನಮ್ಮೂರ ಜಾತಿ ಸಮಾವೇಶಗಳ ಬಗ್ಗೆ ತಮ್ಮದೇ ಗೆರೆ ಎಳೆಯಬೇಕು ಅಂತ ನನಗೆ ತುಂಬಾ ಆಸೆ.