ಕಥೆಗಾಗಿ ಹಳೆ ಕಾರನ್ನು ಕೆಡಿಸುವುದು: ಘಾಟಿ ರಸ್ತೆಯ ಟಿಪ್ಪಣಿ

ಕಥೆಯಲ್ಲಿ ಕಾರು ಕೆಡಿಸುವ ಮುನ್ನ ಮೂರು ಸಂಗತಿ ಗೊತ್ತು ಮಾಡಿಕೊಳ್ಳಿ: ಪಾತ್ರಗಳು ಎಷ್ಟು ಹೊತ್ತು ದಾರಿಯಲ್ಲಿ ನಿಲ್ಲಬೇಕು, ಕಾರು ಘಾಟಿ ಹತ್ತುತ್ತಿದೆಯೋ ಇಳಿಯುತ್ತಿದೆಯೋ, ತಿಂಗಳು ಯಾವುದು. ಈ ಮೂರು ಗೊತ್ತಾದರೆ ಯಾವ ಭಾಗ ಕೈಕೊಡಬೇಕು ಅನ್ನುವುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಜುಲೈ ಮಳೆಯಲ್ಲಿ ಕೊಡಗಿನ ಸಂಪಾಜೆ ಘಾಟಿ ಹತ್ತುವ ಕಾರಿನ ಪೆಟ್ರೋಲು ಪೈಪಿನಲ್ಲೇ ಕುದಿಯಿತು ಅಂತ ಬರೆದರೆ, ಮಡಿಕೇರಿಯಲ್ಲಿ ಗ್ಯಾರೇಜು ನೋಡಿದವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ತೋಟದ ಮನೆಗಳಿಗೆ ಒಪ್ಪುವ ಗಾಡಿಗಳು: 1958ರಲ್ಲಿ ಬಂದ ಅಂಬಾಸಿಡರ್, ಅದೇ ಕಾಲದ ಫಿಯೆಟ್ 1100, ವಿಲ್ಲೀಸ್ ಜೀಪು. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕರೆಂಟು ಹುಟ್ಟಿಸುವ ಡೈನಮೊ, ಕಿಡಿಗೆ ಬೇಕಾದ ವೋಲ್ಟೇಜು ಏರಿಸುವ ಕಾಯಿಲ್, ಕಾಯಿಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅಷ್ಟೇ.

ಹತ್ತುವಾಗ ಬರುವ ತೊಂದರೆಗಳಲ್ಲಿ ಹೆಚ್ಚಿನವು ಬಿಸಿಯಿಂದ ಹುಟ್ಟುತ್ತವೆ. ಮಾರ್ಚ್-ಏಪ್ರಿಲಿನ ಮಧ್ಯಾಹ್ನ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ಸೆಕೆ, ಎರಡನೇ ಗೇರಿನಲ್ಲಿ ನಿಧಾನದ ಏರು: ಪೆಟ್ರೋಲು ಆವಿಯಾಗಿ ಪಂಪು ಕಟ್ಟಿಕೊಳ್ಳಲು ತಕ್ಕ ಹೊತ್ತು ಇದು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಪಂಪು ಇರುವುದು ಬಿಸಿ ಎಂಜಿನ್ನಿಗೇ ಅಂಟಿಕೊಂಡು. ಪೈಪಿನಲ್ಲಿ ಆವಿ ತುಂಬಿದರೆ ಪಂಪಿಗೆ ಎಳೆಯಲು ದ್ರವ ಸಿಗುವುದಿಲ್ಲ. ಗಾಡಿ ಎರಡು ಮೂರು ಸಲ ಜಗ್ಗುತ್ತದೆ, ಆಮೇಲೆ ನಿಲ್ಲುತ್ತದೆ. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಇಬ್ಬರು ಮಾತಾಡಲೇಬೇಕಾದ ದೃಶ್ಯಕ್ಕೆ ಇದರಷ್ಟು ಅನುಕೂಲದ ಕೆಡುಕು ಇನ್ನೊಂದಿಲ್ಲ.

ಫ್ಯಾನ್ ಬೆಲ್ಟ್ ತುಂಡಾಗುವುದು ಇದಕ್ಕಿಂತ ಗಂಭೀರ. ಫ್ಯಾನು, ನೀರಿನ ಪಂಪು, ಡೈನಮೊ ಮೂರನ್ನೂ ತಿರುಗಿಸುವುದು ಅದೊಂದೇ ಬೆಲ್ಟ್. ಹಾಗಾಗಿ ಲಕ್ಷಣಗಳಿಗೆ ಒಂದು ಕ್ರಮವಿದೆ: ಮೊದಲು ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ದೀಪ, ಕೆಲವು ನಿಮಿಷ ಕಳೆದ ಮೇಲೆ ಏರುವ ಬಿಸಿ, ಕೊನೆಗೆ ರೇಡಿಯೇಟರಿನಿಂದ ಹಬೆ. ಬರೆಯುವವರು ನೇರ ಹಬೆಗೆ ಹಾರುತ್ತಾರೆ. ಕೆಂಪು ದೀಪ ಕಂಡೂ ಲೆಕ್ಕಿಸದೆ ಓಡಿಸುವ ಪಾತ್ರದ ಸ್ವಭಾವ ತೋರಿಸುವ ಅವಕಾಶ ಅಲ್ಲಿ ತಪ್ಪಿಹೋಗುತ್ತದೆ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರು ಹೋಗಿ ಒತ್ತಡ ನಿಲ್ಲದಿದ್ದರೆ ಬಯಲುಸೀಮೆಯಲ್ಲಿ ಸುಮ್ಮನಿದ್ದ ಗಾಡಿ ಇಲ್ಲಿ ಬೇಗ ಉಕ್ಕುತ್ತದೆ. ಬಿಸಿಯಿದ್ದಾಗ ಮುಚ್ಚಳ ತೆಗೆದವರ ಕೈ, ಮುಖ ಸುಡುತ್ತದೆ. ಕಾದ ಎಂಜಿನ್ನಿಗೆ ತೋಡಿನ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ಡು, ಅಂದರೆ ಎಂಜಿನ್ನಿನ ಮೇಲ್ಭಾಗ, ಬಿರಿಯಬಹುದು. ಹೆಡ್ಡಿನಡಿ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋದರೆ ಬಿಳಿ ಹೊಗೆ ಬರುತ್ತದೆ, ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಹೆಡ್ಡು ಬಿಚ್ಚಿ, ಮಟ್ಟ ಮಾಡಿಸಿ, ಗ್ಯಾಸ್ಕೆಟ್ ತರಿಸುವಷ್ಟರಲ್ಲಿ ನೆಂಟರು ಎರಡು ಮೂರು ದಿನ ಉಳಿದೇ ತೀರಬೇಕು.

ಮಳೆಗಾಲದಲ್ಲಿ ಕರೆಂಟಿನ ಕಡೆ ನೋಡಿ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೆ ತೇವ ಕೂತರೆ ಗಾಡಿ ಮಿಸ್ ಹೊಡೆಯುತ್ತದೆ. ಕ್ಯಾಪು ತೆಗೆದು ಒಣಬಟ್ಟೆಯಲ್ಲಿ ಒರೆಸಿದರೆ ಹತ್ತು ನಿಮಿಷದ ಕೆಲಸ. ಪ್ಲಗ್ ವೈರುಗಳ ಹೊದಿಕೆ ಹಳತಾಗಿದ್ದರೆ ಕತ್ತಲಲ್ಲಿ ಬಾನೆಟ್ ಎತ್ತಿದಾಗ ವೈರಿನುದ್ದಕ್ಕೂ ನೀಲಿ ಕಿಡಿ ಓಡುವುದು ಕಾಣುತ್ತದೆ. ಟಾರ್ಚ್ ಆರಿಸಿದರೇ ಕಾಣುವುದು ಅನ್ನುವುದನ್ನು ಮರೆಯಬೇಡಿ. ಹಳೆ ಜೀಪಿಗೆ ವ್ಯಾಕ್ಯೂಮ್ ವೈಪರ್ ಇದ್ದರೆ ಇನ್ನೂ ಒಳ್ಳೆಯದು: ಅದು ಎಂಜಿನ್ನಿನ ಎಳೆತದಿಂದ ಓಡುವಂಥದ್ದು, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆ ಎಳೆತ ಬಿದ್ದುಹೋಗುತ್ತದೆ. ಜೋರು ಮಳೆಯಲ್ಲಿ, ಏರು ತಿರುವಿನಲ್ಲಿ, ಬೇಕಾದ ಹೊತ್ತಿಗೇ ವೈಪರ್ ನಿಂತುಬಿಡುತ್ತದೆ. ಯಾವ ಭಾಗವೂ ಕೆಟ್ಟಿರಬೇಕಿಲ್ಲ.

ಕಥೆಗಾರನಿಗೆ ಎಲ್ಲಕ್ಕಿಂತ ಉಪಯೋಗದ ಬಿಡಿಭಾಗ ಕಂಡೆನ್ಸರ್, ಪಾಯಿಂಟುಗಳು ಕಿಡಿ ಹಾರಿ ಸುಡದಂತೆ ಕಾಯುವಂಥದ್ದು. ಹೆಬ್ಬೆರಳಿಗಿಂತ ಚಿಕ್ಕದು, ಹೊರಗಿನಿಂದ ನೋಡಿ ಕೆಟ್ಟಿದೆಯೆಂದು ಹೇಳಲಾಗದು. ಬಿಸಿಯಾದಾಗ ಕೈಕೊಡುತ್ತದೆ, ತಣಿದಾಗ ಮತ್ತೆ ಕೆಲಸ ಮಾಡುತ್ತದೆ. ಹಾಗಾಗಿ ದಾರಿಯಲ್ಲಿ ನಾಲ್ಕು ಸಲ ನಿಂತ ಗಾಡಿ ಗ್ಯಾರೇಜಿಗೆ ಬಂದಾಗ ಸೆಲ್ಫ್ ಒಮ್ಮೆ ಹೊಡೆದರೇ ಸ್ಟಾರ್ಟ್ ಆಗುತ್ತದೆ, ಮಾಲೀಕ ಸುಳ್ಳುಗಾರನಾಗುತ್ತಾನೆ. ಪಾಯಿಂಟುಗಳು ನೀಲಿಗಟ್ಟಿ ಸುಟ್ಟಿರುವುದು, ಕಿಡಿ ಸಣ್ಣಗೆ ಹಳದಿಯಾಗಿರುವುದು ಇದರ ಗುರುತು. ಪಾಯಿಂಟ್ ಗ್ಯಾಪು ಅಂಬಾಸಿಡರಿನ ಓವರ್‌ಹೆಡ್ ವಾಲ್ವ್ ಎಂಜಿನ್ನಿಗೆ 0.35ರಿಂದ 0.40 ಮಿಲಿಮೀಟರ್. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದ ಮೆಕ್ಯಾನಿಕ್ಕು ವಿಸಿಟಿಂಗ್ ಕಾರ್ಡು ತೂರಿಸಿ ಅಂದಾಜು ಮಾಡುತ್ತಾನೆ.

ಇಳಿಯುವಾಗ ಬ್ರೇಕು. ಶತ್ರು ರಾತ್ರಿ ಬಂದು ಬ್ರೇಕ್ ಪೈಪು ಕತ್ತರಿಸಿದ, ಬೆಳಿಗ್ಗೆ ಹತ್ತನೇ ಮೈಲಿಯ ತಿರುವಿನಲ್ಲಿ ಗಾಡಿ ಕಮರಿಗೆ ಬಿತ್ತು ಅನ್ನುವುದು ನಡೆಯದ ಮಾತು. ಪೈಪು ಕತ್ತರಿಸಿದ್ದರೆ ಅಂಗಳದಲ್ಲೇ ಪೆಡಲು ತಳ ಮುಟ್ಟುತ್ತದೆ. ನಂಬುವಂಥದ್ದು ಬೇರೆ: ವರ್ಷಗಟ್ಟಲೆ ಬದಲಾಯಿಸದ ಬ್ರೇಕ್ ಆಯಿಲು ಕೊಡಗಿನ ತೇವ ಹೀರಿರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲು ಹೊಸದಿದ್ದಾಗ 205 ಡಿಗ್ರಿವರೆಗೆ ತಡೆದರೆ, ನೀರು ಸೇರಿದಾಗ 140ಕ್ಕೇ ಕುದಿಯಬಹುದು. ಟಾಪ್ ಗೇರಿನಲ್ಲಿ ಬ್ರೇಕು ಒತ್ತಿಕೊಂಡೇ ಇಳಿದರೆ ಡ್ರಮ್ಮು ಕಾಯುತ್ತದೆ, ಆಯಿಲಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲು ಮೆತ್ತಗಾಗುತ್ತದೆ. ಸುಟ್ಟ ವಾಸನೆ ಅದಕ್ಕಿಂತ ಮೊದಲೇ ಬಂದಿರುತ್ತದೆ. ಹಳೆ ಗಾಡಿಗಳಲ್ಲಿ ಪೆಡಲು ಒತ್ತಿದಾಗ ಆಯಿಲು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ನಾಲ್ಕು ಚಕ್ರಕ್ಕೂ ಒಂದೇ ಸರ್ಕೀಟು, ಆದ್ದರಿಂದ ಹೋದರೆ ನಾಲ್ಕೂ ಹೋದವು. ಆದರೆ ಹ್ಯಾಂಡ್‌ಬ್ರೇಕು ಆಯಿಲಿನ ಮೇಲೆ ನಿಂತಿಲ್ಲ, ಗೇರು ಇಳಿಸಿದರೆ ಎಂಜಿನ್ನೂ ಗಾಡಿಯನ್ನು ಹಿಡಿಯುತ್ತದೆ. ಇವೆರಡನ್ನೂ ಪಾತ್ರ ಯಾಕೆ ಬಳಸಲಿಲ್ಲ ಅನ್ನುವುದಕ್ಕೆ ಕಥೆ ಉತ್ತರ ಕೊಡಬೇಕು.

ಶೆಡ್ಡಿನಲ್ಲಿ ಎರಡು ಮಳೆಗಾಲ ಕಳೆದ ಗಾಡಿಯದು ಬೇರೆ ಕಥೆ. ಇಲಿ ವೈರು ಕಡಿದಿರುತ್ತದೆ, ಕಾರ್ಬ್ಯುರೇಟರಿನ ಜೆಟ್‌ನಲ್ಲಿ ಪೆಟ್ರೋಲು ಅಂಟಾಗಿರುತ್ತದೆ, ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಕಚ್ಚಿಕೊಂಡಿರುತ್ತದೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ನಾಲ್ಕು ಆಳು ತಳ್ಳಿದರೂ ಕಷ್ಟ, ಯಾಕೆಂದರೆ ಆ ವೇಗಕ್ಕೆ ಡೈನಮೊ ಕಾಯಿಲಿಗೆ ಬೇಕಾದಷ್ಟು ಕರೆಂಟು ಕೊಡುವುದಿಲ್ಲ. ಕಥೆ ಇಂದಿನದಾದರೆ ಕಾನೂನೂ ಇದೆ: 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಿ ‘ವಿಎ’ ಅಕ್ಷರದ ನಂಬರು ಪಡೆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾಯಕ ಅಂಥ ನಂಬರಿನ ಕಾರಿನಲ್ಲಿ ದಿನಾ ಗೋಣಿಕೊಪ್ಪಲಿನ ಅಂಗಡಿಗೆ ಹೋಗಿಬರುವಂತಿಲ್ಲ.

ರಿಪೇರಿಯ ದೃಶ್ಯ ಬರೆಯುವಾಗ ಮೆಕ್ಯಾನಿಕ್ಕಿನ ಮೊದಲ ಪ್ರಶ್ನೆ ಪೆಟ್ರೋಲೋ ಕರೆಂಟೋ ಅನ್ನುವುದು. ಸೆಲ್ಫ್ ಹೊಡೆದು ನೋಡಿ, ಪ್ಲಗ್ ಬಿಚ್ಚಿ ಮೂಗಿಗೆ ಹಿಡಿಯುತ್ತಾನೆ. ಒದ್ದೆಯಾಗಿ ವಾಸನೆ ಬಂದರೆ ಕರೆಂಟಿಲ್ಲ, ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. “ಪ್ಲಗ್ ಒಣಗಿದೆ ಸಾರ್, ಪಂಪು ಎತ್ತುತ್ತಿಲ್ಲ” ಅನ್ನುವ ಒಂದು ಮಾತು ಸಾಕು, ಅರ್ಧ ಪುಟ ವಿವರಣೆ ಬೇಕಾಗುವುದಿಲ್ಲ.