‘ಸೈನಸ್ ಇದೆ’ ಅಂದರೆ ಏನಿದೆ?

ಬಿಪಿ ಇದೆ, ಶುಗರ್ ಇದೆ ಎನ್ನುವ ಸಾಲಿಗೆ ‘ಸೈನಸ್ ಇದೆ’ ಕೂಡ ಸೇರಿ ಎಷ್ಟೋ ಕಾಲವಾಯಿತು. ಮೊದಲೆರಡನ್ನು ಹೇಳುವವರು ಒಮ್ಮೆಯಾದರೂ ಪರೀಕ್ಷೆ ಮಾಡಿಸಿರುತ್ತಾರೆ. ಸೈನಸ್ ಮಾತ್ರ ಹೆಚ್ಚಾಗಿ ಸ್ವಂತ ತೀರ್ಪು. ಮೂಗು ಕಟ್ಟಿದರೆ ಸೈನಸ್, ತಲೆ ನೋಯ್ದರೆ ಸೈನಸ್, ಬೆಳಿಗ್ಗೆ ಎದ್ದು ಹತ್ತು ಸಲ ಸೀನಿದರೆ ಅದೂ ಸೈನಸ್. ನಿಜಕ್ಕೂ ಅದು ಜಾಗದ ಹೆಸರು: ಕೆನ್ನೆಯ ಮೂಳೆಯೊಳಗೆ, ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಆಳದಲ್ಲಿ ಇರುವ ನಾಲ್ಕು ಜೊತೆ ಗಾಳಿಗೂಡುಗಳು. ‘ನನಗೆ ಮೊಣಕಾಲು ಇದೆ’ ಎಂದು ಯಾರೂ ನೋವು ತೋಡಿಕೊಳ್ಳುವುದಿಲ್ಲವಲ್ಲ.

ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಬಾಗು, ಮಡಿಕೆ, ಕೊಲ್ಲಿ ಎಂಬ ಅರ್ಥಗಳಿವೆ. ಉಟ್ಟ ಬಟ್ಟೆ ಎದೆಯ ಬಳಿ ಮಡಿಚಿ ಚೀಲದಂತಾಗುವ ಕಡೆಗೂ ಅದೇ ಹೆಸರು. ನಮ್ಮ ‘ಮಡಿಲು’ ಇದಕ್ಕೆ ತೀರಾ ಹತ್ತಿರ. ತ್ರಿಕೋನಮಿತಿಯ ‘ಸೈನ್’ ಹುಟ್ಟಿದ್ದೂ ಇದರಿಂದಲೇ. ಆರ್ಯಭಟ ಬಳಸಿದ ‘ಜ್ಯಾ’, ಅಂದರೆ ಬಿಲ್ಲಿನ ಹೆದೆ, ‘ಜೀವಾ’ ಎಂಬ ರೂಪದಲ್ಲಿ ಅರಬ್ಬಿಗೆ ಹೋಗಿ ‘ಜೀಬ’ ಆಯಿತು. ಅದೇ ಅಕ್ಷರಗಳನ್ನು ‘ಜೈಬ್’ ಎಂದೂ ಓದಬಹುದು. ಅದಕ್ಕೆ ಮಡಿಲು ಎಂದರ್ಥ. 12ನೇ ಶತಮಾನದ ಅನುವಾದಕರು ಹಾಗೆಯೇ ಓದಿಕೊಂಡು ಲ್ಯಾಟಿನ್ನಿನಲ್ಲಿ ಸೈನಸ್ ಎಂದು ಬರೆದರು. ಹೆದೆ ಮಡಿಲಾದದ್ದು ಹೀಗೆ. ಅಂದಹಾಗೆ, ಇಸಿಜಿ ರಿಪೋರ್ಟಿನಲ್ಲಿ ‘ಸೈನಸ್ ರಿದಂ’ ಎಂದಿದ್ದರೆ ಮೂಗು ಮುಟ್ಟಿ ನೋಡಿಕೊಳ್ಳಬೇಕಿಲ್ಲ. ಹೃದಯದ ಬಡಿತ ಹುಟ್ಟಬೇಕಾದಲ್ಲೇ ಹುಟ್ಟುತ್ತಿದೆ ಎಂದಷ್ಟೇ ಅದರ ಅರ್ಥ.

ಇನ್ನೊಂದು ಗೊಂದಲ ‘ಪೀನಸ’ದ್ದು. ಪ್ರಾಸ ಕೂಡಿದೆ ಎಂದು ಸೈನಸ್ ಅದರದೇ ಅಪಭ್ರಂಶ ಎನ್ನುವವರಿದ್ದಾರೆ. ಸಂಬಂಧವೇ ಇಲ್ಲ. ಪೀನಸ ಸಂಸ್ಕೃತದಿಂದ ಬಂದ, ನೆಗಡಿಯಂಥ ಮೂಗಿನ ರೋಗದ ಹೆಸರು. ‘ಪೀನಸ ಇದೆ’ ಎಂದರೆ ವ್ಯಾಕರಣಕ್ಕೂ ಸರಿ, ದೇಹಕ್ಕೂ ಸರಿ.

ಈ ಗೂಡುಗಳ ಒಳಪೊರೆ ಊದಿಕೊಂಡರೆ ಅದು ಸೈನಸೈಟಿಸ್. ಕೆನ್ನೆಯ ಗೂಡಿನ ಬಾಗಿಲು ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಲೋಳೆ ತಾನಾಗಿ ಸೋರಿಹೋಗುವಂತಿಲ್ಲ. ಒಳಗಿನ ಸೂಕ್ಷ್ಮ ರೋಮಗಳು ಅದನ್ನು ಮೇಲಕ್ಕೆ ಗುಡಿಸಿ ಹೊರಹಾಕಬೇಕು. ಪೊರೆ ಊದಿ ಬಾಗಿಲು ಮುಚ್ಚಿತೆಂದರೆ ಗುಡಿಸಿದ್ದೆಲ್ಲ ಅಲ್ಲೇ ಉಳಿಯುತ್ತದೆ.

ಸಾಮಾನ್ಯ ನೆಗಡಿ 7ರಿಂದ 10 ದಿನಗಳಲ್ಲಿ ಇಳಿಮುಖವಾಗುತ್ತದೆ. 10 ದಿನ ದಾಟಿದರೂ ಸ್ವಲ್ಪವೂ ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಜೋರಾದರೆ ಡಾಕ್ಟರಿಗೆ ತೋರಿಸಿ. ಸಿಂಬಳ ಹಸಿರಾಯಿತೆಂಬ ಒಂದೇ ಕಾರಣಕ್ಕೆ ಆ್ಯಂಟಿಬಯೋಟಿಕ್ ನುಂಗಬೇಡಿ. ಆ ಬಣ್ಣ ಬಿಳಿರಕ್ತಕಣಗಳ ಕಿಣ್ವದ್ದು, ವೈರಸ್ ನೆಗಡಿಯಲ್ಲೂ ಬರುತ್ತದೆ. ಮೂಗು ಕಟ್ಟುವುದು, ಸಿಂಬಳ, ಮುಖದಲ್ಲಿ ಒತ್ತಡ, ವಾಸನೆ ಗೊತ್ತಾಗದಿರುವುದು, ಇವುಗಳಲ್ಲಿ ಎರಡಾದರೂ 12 ವಾರ ಉಳಿದರೆ ದೀರ್ಘಕಾಲದ ಸೈನಸೈಟಿಸ್ ಎಂಬ ಅನುಮಾನ. ಅದೂ ಎಂಡೋಸ್ಕೋಪಿಯಲ್ಲೋ ಸಿಟಿ ಸ್ಕ್ಯಾನಿನಲ್ಲೋ ಕಂಡರೆ ಮಾತ್ರ ಖಚಿತ. ಮೂಗಿನ ತೊಂದರೆ ಏನೂ ಇಲ್ಲದೆ ಬರೀ ಹಣೆ ನೋವಿದ್ದರೆ ಮೈಗ್ರೇನ್ ಇರುವ ಸಾಧ್ಯತೆಯೇ ಹೆಚ್ಚು.

ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯ ಮೇಲೆ ಬಿಗಿಯಾಗುವುದು ಸಹಜ. ಸದಾ ಒಂದೇ ಕಡೆ ಕಟ್ಟಿರುವುದು ಹಾಗಲ್ಲ. ನಡುಗೋಡೆ ಸೊಟ್ಟಗಿರಬಹುದು, ಪಾಲಿಪ್ (ಒಳಪೊರೆಯಲ್ಲಿ ಬೆಳೆಯುವ ಮೆತ್ತನೆಯ ಕುಡಿ) ಇರಬಹುದು, ಅಪರೂಪಕ್ಕೆ ಗಡ್ಡೆ ಇರಬಹುದು. ಜೊತೆಗೆ ರಕ್ತವೂ ಬರುತ್ತಿದ್ದರೆ ಇಎನ್‌ಟಿ ತಜ್ಞರನ್ನು ಕಾಣಲು ತಡಮಾಡಬೇಡಿ. ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಏನೋ ತುರುಕಿಕೊಂಡಿದೆ ಎಂದೇ ತಿಳಿಯಿರಿ. ಅದು ಬಟನ್ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಒಳಗೆಲ್ಲ ಸುಟ್ಟುಬಿಡುತ್ತದೆ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಜ್ವರದ ಜೊತೆ ಕತ್ತು ಬಿಗಿಯುವುದು, ತಲೆಗೆ ಪೆಟ್ಟಾದ ಮೇಲೆ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುವುದು: ಇವಕ್ಕೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ತಿಂಗಳುಗಟ್ಟಲೆ ‘ಸೈನಸ್’ ಎನ್ನುವ ಎಷ್ಟೋ ಮಂದಿಯ ಕಾಯಿಲೆ ಜೇಬಿನಲ್ಲೇ ಇರುತ್ತದೆ. ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಇರುವ ಮೂಗಿನ ಹನಿಗಳು ನಿಮಿಷಗಳಲ್ಲಿ ಮೂಗು ಬಿಡಿಸುತ್ತವೆ. 3ರಿಂದ 5 ದಿನ ಮೀರಿದರೆ ಅವೇ ಮೂಗನ್ನು ಕಟ್ಟಿಸುತ್ತವೆ. ಬಿಡಿಸಲು ಮತ್ತೆ ಅದೇ ಹನಿ ಬೇಕು. ಸ್ಟೀರಾಯ್ಡ್ ಸ್ಪ್ರೇ ಬೇರೆ ಜಾತಿಯದು: ಅದರ ಪರಿಣಾಮ ಪೂರ್ತಿ ಕಾಣಲು ಒಂದೆರಡು ವಾರ ಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿ, ತುದಿಯನ್ನು ನಡುಗೋಡೆಯಿಂದ ಆಚೆಗೆ, ಕಿವಿಯ ಕಡೆಗೆ ತಿರುಗಿಸಿ ಹೊಡೆಯಬೇಕು. ಗೋಡೆಗೇ ಹೊಡೆದುಕೊಂಡರೆ ರಕ್ತ ಬರುತ್ತದೆ. ಉಪ್ಪುನೀರಿನಲ್ಲಿ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ.

ಡಾಕ್ಟರ ಮುಂದೆ ‘ಸೈನಸ್ ಇದೆ’ ಎನ್ನುವುದಕ್ಕಿಂತ ಹೀಗೆ ಹೇಳಿ: ‘ಎಡ ಹೊಳ್ಳೆ ಐದು ವಾರದಿಂದ ಕಟ್ಟಿದೆ, ವಾಸನೆ ಗೊತ್ತಾಗುತ್ತಿಲ್ಲ, ಹನಿ ಹಾಕಿಕೊಳ್ಳಲು ಶುರುಮಾಡಿ ಇಪ್ಪತ್ತು ದಿನವಾಯಿತು.’